ಆಯ್ದಕ್ಕಿಯೂ ಆಯ್ದ ಅದುರೂ

ಶಿವಶರಣರ ಧರ್ಮದಲ್ಲಿ ಕಾಯಕಕ್ಕೆ ಮೇಲು ಕೀಳೆಂಬ ಭೇದವಿಲ್ಲ. ಅರಸನ ಭಂಡಾರವನ್ನು ಕಾಯುವುದೂ ಕಾಯಕ, ಅಂಗಳದಲ್ಲಿ ಉದುರಿದ ಕಾಳನ್ನು ಆಯುವುದೂ ಕಾಯಕ. ಆದರೆ ದುಡಿಮೆಯು ಕಾಯಕವೆನಿಸಬೇಕಾದರೆ ಅದಕ್ಕೆ ಎರಡು ಲಕ್ಷಣಗಳಿರಬೇಕು. ಮಾಡುವವರ ಮನಸ್ಸು ಶುದ್ಧವಾಗಿರಬೇಕು. ಮಾಡಿದುದರಿಂದ ಒಡಲು ಹೊರೆದು, ಉಳಿದುದು ದಾಸೋಹಕ್ಕೆ ಸಲ್ಲಬೇಕು. ಮೊದಲನೆಯದನ್ನು ಕುರಿತು ಉಪದೇಶ ಬೇಕಾದಷ್ಟು ನಡೆದಿದೆ. ಎರಡನೆಯದನ್ನು ಕುರಿತ ಚಿಂತನೆ ಕಡಿಮೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆ ಈ ಚಿಂತನೆಗೆ ಕೈದೀವಿಗೆಯಾಗಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ ಮಾರಯ್ಯ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರು. ಮಾರಯ್ಯನವರು ಅನುಭವಗೋಷ್ಠಿಯಲ್ಲಿ ಮೈಮರೆತಾಗ, ಕಾಯಕ ನಿಂತಿತೆಂದು ಎಚ್ಚರಿಸಿದವರು ಲಕ್ಕಮ್ಮನವರು. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಿರುಗಿಸಿದವರೂ ಅವರೇ. ಅಂದರೆ ಆ ಗುಡಿಸಲಿನಲ್ಲಿ ಅಳತೆಯ ಕೊಳಗ ಹೆಣ್ಣಿನ ಕೈಯಲ್ಲಿತ್ತು. ಎಷ್ಟು ಬೇಕು, ಎಷ್ಟು ಸಾಕು ಎಂಬುದನ್ನು ನಿರ್ಣಯಿಸುವವರು ಅವರಾಗಿದ್ದರು. ಅವರ ಸಂತೃಪ್ತಿಯ ಹಿರಿಮೆ ಇರುವುದು ಈ ಸ್ವಾತಂತ್ರ್ಯದಲ್ಲಿ.

ಲಕ್ಕಮ್ಮನವರ ಅಮರೇಶ್ವರವಿರುವ ಲಿಂಗಸೂಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿಯೂ ಇದೆ. ಅದು ಯಂತ್ರಗಳಿಂದ ನಡೆಯುವ ಸರ್ಕಾರಿ ಗಣಿ. ಆದರೆ ಲೋಕದ ಚಿನ್ನವೆಲ್ಲವೂ ಅಂಥ ಗಣಿಗಳಿಂದಲೇ ಬರುವುದಿಲ್ಲ. ಸುತ್ತಿಗೆ, ಗುದ್ದಲಿ, ಬುಟ್ಟಿಗಳಿಂದ ಬಡವರು ನಡೆಸುವ ಕಿರುಗಣಿಗಳು ಹಲವು ದೇಶಗಳಲ್ಲಿವೆ. ಚಿನ್ನ, ರತ್ನ, ಕಲ್ಲು ಮೊದಲಾದ ಎಲ್ಲ ಖನಿಜಗಳನ್ನೂ ಸೇರಿಸಿದರೆ ಇಂಥ ಗಣಿಗಳಲ್ಲಿ ಸುಮಾರು 4.5 ಕೋಟಿ ಜನ ದುಡಿಯುತ್ತಾರೆಂದೂ, ಅವರಲ್ಲಿ ಸುಮಾರು ಶೇಕಡಾ 30ರಷ್ಟು ಸ್ತ್ರೀಯರೆಂದೂ ವಿಶ್ವಬ್ಯಾಂಕಿನ ಅಂದಾಜು.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಇಂಥ ಸ್ತ್ರೀಯರಿಗೆ ‘ಪಲ್ಯಾಕೆರಾ’ ಎಂದು ಹೆಸರು. ಅಲ್ಲಿಯ ಮೂಲನಿವಾಸಿಗಳ ಕೆಚುವಾ ಭಾಷೆಯಲ್ಲಿ ‘ಪಲ್ಯಾಯ್’ ಎಂದರೆ ಆಯುವುದು, ಕೂಡಿಸುವುದು. ಆಯ್ದಕ್ಕಿ ಎಂಬ ಹೆಸರಿಗೂ ಈ ಹೆಸರಿಗೂ ಅರ್ಥ ಒಂದೇ! ಆಂಡೀಸ್ ಪರ್ವತದಲ್ಲಿ ಸಮುದ್ರಮಟ್ಟಕ್ಕಿಂತ 5,000 ಮೀಟರಿಗೂ ಎತ್ತರದಲ್ಲಿರುವ ಲಾ ರಿಂಕೊನಾಡಾ ಎಂಬ ಊರಿನಲ್ಲಿ ಈ ತಾಯಂದಿರು ಗಣಿಯ ಹೊರಗೆ ಎಸೆದ ಕಲ್ಲಿನ ರಾಶಿಯಲ್ಲಿ ಕುಳಿತು, ಸುತ್ತಿಗೆಯಿಂದ ಒಡೆದು, ಚಿನ್ನದ ಸುಳಿವಿರುವ ಚೂರುಗಳನ್ನು ಆಯುತ್ತಾರೆ. ಹೊರಗೇ ಏಕೆ? ಹೆಣ್ಣು ಒಳಹೊಕ್ಕರೆ ಚಿನ್ನ ಮಾಯವಾಗುವುದೆಂಬ ನಂಬಿಕೆ ಅಲ್ಲಿ ಬೇರೂರಿದೆ. ಇದು ಸೂತಕವಲ್ಲದೆ ಮತ್ತೇನು? ಪಂಚಸೂತಕಗಳನ್ನು ಅಲ್ಲಗಳೆದ ಶರಣರು ಹೆಣ್ಣಿನ ಪೂಜೆಯ ಹಕ್ಕನ್ನಷ್ಟೇ ಎತ್ತಿಹಿಡಿಯಲಿಲ್ಲ, ಅವಳ ದುಡಿಮೆಯ ಹಕ್ಕನ್ನೂ ಎತ್ತಿಹಿಡಿದರು. ಸೂತಕವಿರುವಲ್ಲಿ ಹೆಣ್ಣಿಗೆ ಸಿಗುವುದು ಗಂಡು ಬಿಟ್ಟ ಕಸ ಮಾತ್ರ.

ಆ ಕಸದಿಂದ ಬದುಕು ನಡೆಯುವುದೇ? ಕಷ್ಟ. ಆಯ್ದ ಅದುರನ್ನು ಅರೆಯಿಸಲು ಅರೆಯುವ ಸಾಧನವುಳ್ಳವರ ಬಳಿಗೆ ಒಯ್ಯಬೇಕು. ಕಲ್ಲಿನ ತೊಟ್ಟಿಯಲ್ಲಿ ದೊಡ್ಡ ಗುಂಡನ್ನು ಆಚೀಚೆ ತೂಗಿ, ಪಾದರಸ ಬೆರೆಸಿ ಅರೆಯುತ್ತಾರೆ. ಪಾದರಸವು ಚಿನ್ನದ ಒಂದು ಪಾಲನ್ನು ಮಾತ್ರ ಹಿಡಿಯುತ್ತದೆ; ಉಳಿದುದು ಕೆಸರಿನಲ್ಲಿಯೇ ನಿಲ್ಲುತ್ತದೆ. ಆ ಕೆಸರನ್ನು ಅರೆಯುವಿಕೆಯ ಬಾಡಿಗೆಯೆಂದು ಒಡೆಯರು ಇರಿಸಿಕೊಳ್ಳುವುದು ವಾಡಿಕೆ. ಅದರಿಂದ ಸಯನೈಡಿನ ಕ್ರಮದಲ್ಲಿ ಮತ್ತೆ ಚಿನ್ನ ತೆಗೆಯಬಹುದು. ಕೈಗೆ ಬಂದ ಗುಳಿಗೆಯನ್ನು ಬೆಂಕಿಗೆ ಹಿಡಿದಾಗ ಪಾದರಸವು ಹೊಗೆಯಾಗಿ ಆಯ್ದವಳ ಎದೆಯನ್ನೇ ಸೇರುತ್ತದೆ, ಗರ್ಭದ ಶಿಶುವನ್ನೂ ಕಾಡುತ್ತದೆ. ಕೊನೆಗೆ ಕೊಳ್ಳುವವನ ತಕ್ಕಡಿ. ಅವನು ಹೇಳಿದುದೇ ತೂಕ, ಅವನು ಹೇಳಿದುದೇ ಬೆಲೆ. ಕಲ್ಯಾಣದಲ್ಲಿ ಆಯ್ದ ಅಕ್ಕಿಗೆ ಅಳತೆಯನ್ನು ಲಕ್ಕಮ್ಮನವರೇ ಇಟ್ಟರು. ಇಲ್ಲಿ ಆಯುವವಳು ಒಬ್ಬಳು, ಅಳೆಯುವವನು ಮತ್ತೊಬ್ಬ. ಕಾಯಕದ ಫಲ ಸೋರಿಹೋಗುವುದು ಈ ಬಿರುಕಿನಲ್ಲಿಯೇ.

ಇಲ್ಲಿ ಒಂದು ಅಪಾಯವನ್ನು ಅರಿಯಬೇಕು. ಲಕ್ಕಮ್ಮನವರ ಕಥೆಯನ್ನು ಹೇಳಿ, ಬಡವರು ಇದ್ದುದರಲ್ಲಿ ತೃಪ್ತರಾಗಿರಲೆಂದು ಬೋಧಿಸುವುದು ಸುಲಭ. ಅದು ಶರಣರ ಮಾತಲ್ಲ. ಹೆಚ್ಚಿನದನ್ನು ಒಲ್ಲೆನೆಂದದ್ದು ಆ ತಾಯಿಯ ವ್ರತ. ಇನ್ನೊಬ್ಬರ ಪಾಲನ್ನು ಕಡಿತಗೊಳಿಸಲು ಅದು ನೆಪವಾಗಲಾರದು. ತನ್ನ ಪಾಲು ಕೈಗೆ ಬಂದ ಮೇಲೆ ಸಾಕೆನ್ನುವುದು ವೈರಾಗ್ಯ. ಬರುವ ಮೊದಲೇ ಸಾಕೆನ್ನಿಸುವುದು ಅಪಹಾರ. ಸಾಲದಲ್ಲಿ ಮುಳುಗಿದ ಕೈ ದಾಸೋಹಕ್ಕೆ ಏನನ್ನು ನೀಡೀತು?

ಮಾರ್ಗವಿಲ್ಲವೆಂದು ತಿಳಿಯಬಾರದು. ಟಾಂಜಾನಿಯಾ ದೇಶದ ಗಣಿಗಾರ ಸ್ತ್ರೀಯರು 1997ರಲ್ಲಿಯೇ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಪೆರುವಿನ ಸಾಂತಾ ಫಿಲೊಮೆನಾದ ಕಿರುಗಣಿಯ ಸಂಸ್ಥೆಯು 2011ರಲ್ಲಿ ನ್ಯಾಯವ್ಯಾಪಾರದ ಮುದ್ರೆಯನ್ನು ಪಡೆಯಿತು; ಈ ವ್ಯವಸ್ಥೆಯ ಇಂದಿನ ನಿಯಮದಂತೆ ಲಂಡನ್ ಪೇಟೆಯ ದರದ ಶೇಕಡಾ 95ಕ್ಕೆ ಕಡಿಮೆಯಾಗದ ಬೆಲೆ ದೊರೆಯಬೇಕು. 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದವು, ವಾಸದ ನೆಲೆಗಳಲ್ಲಿ ಪಾದರಸದ ಗುಳಿಗೆಯನ್ನು ಸುಡುವ ಪದ್ಧತಿಯನ್ನು ತೊಲಗಿಸುವ ಹೊಣೆಯನ್ನು ರಾಷ್ಟ್ರಗಳ ಮೇಲೆ ಹೊರಿಸಿದೆ. ಆಯುವವರ ಹೆಸರು ದಾಖಲೆಯಲ್ಲಿರಬೇಕು, ಅರೆಯುವ ಕಲ್ಲೂ ತೂಗುವ ತಕ್ಕಡಿಯೂ ಅವರ ಸಂಘದ್ದಾಗಿರಬೇಕು. ಆಗ ಆ ದುಡಿಮೆ ಹೊಟ್ಟೆ ಹೊರೆಯುವುದಲ್ಲದೆ ಕಾಯಕವೂ ಆಗುವುದು.

ಉಳಿದ ಹೊಣೆ ಚಿನ್ನವನ್ನು ತೊಡುವವರದು. ಲಕ್ಕಮ್ಮನವರ ಪ್ರಶ್ನೆ ಆಯುವವರಿಗಿಂತ ಹೆಚ್ಚಾಗಿ ಇವರಿಗೆ ಸಲ್ಲುತ್ತದೆ: ಇಷ್ಟು ಬೇಕೇ? ಇದು ಯಾರ ಪಾಲಿನದು? ಕೊರಳಿಗೆ ಆಭರಣವನ್ನು ಏರಿಸುವ ಮೊದಲು ಈ ಎರಡು ಮಾತುಗಳನ್ನು ತಮ್ಮೊಳಗೆ ಕೇಳಿಕೊಳ್ಳುವವರು ಆ ತಾಯಿಯ ಮಾರ್ಗದಲ್ಲಿ ಒಂದು ಹೆಜ್ಜೆ ಇಟ್ಟಂತೆ.