ದಣಿದವನು ಕೇಳಿದ ನೀರು

ಏಪ್ರಿಲ್ ಬಂತೆಂದರೆ ಗದಗ-ಬೆಟಗೇರಿಯ ಓಣಿಗಳಲ್ಲಿ ಮನುಷ್ಯರಿಗಿಂತ ಮೊದಲು ಕೊಡಗಳು ಪಾಳಿ ಹಚ್ಚಿರುತ್ತವೆ. ಹಮ್ಮಿಗಿಯ ಬ್ಯಾರೇಜಿನಿಂದ ತುಂಗಭದ್ರೆ ಪೈಪಿನಲ್ಲಿ ಹರಿದು ಬರಬೇಕು; ಬೇಸಿಗೆಯಲ್ಲಿ ವಾರಗಟ್ಟಲೆ ನಳ ಒಣಗಿರುವುದು ಇಲ್ಲಿ ಸುದ್ದಿಯೇ ಅಲ್ಲ. ಮುಂಡರಗಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಬೋರು ಕೊರೆದರೆ ನೀರಿನ ಜೊತೆಗೆ ಫ್ಲೋರೈಡೂ ಮೇಲೆ ಬರುತ್ತದೆ. ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮೊಣಕಾಲು ಹಿಡಿದುಕೊಳ್ಳುತ್ತದೆ. ಇದೇ ಬಿಸಿಲಿನ ಸುಮಾರಿಗೆ ಶುಭ ಶುಕ್ರವಾರವೂ ಬರುತ್ತದೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ವಾಕ್ಯಗಳಲ್ಲಿ ಐದನೆಯದು ಬಾಯಾರಿಕೆಯ ಮಾತು. ಅದರ ಮೇಲಿನ ಉಪದೇಶ ಬಹುತೇಕ ಎರಡೇ ನಿಮಿಷಕ್ಕೆ ಗಂಟಲನ್ನು ಬಿಟ್ಟು ಆತ್ಮದ ಕಡೆ ತಿರುಗಿಬಿಡುತ್ತದೆ. ಆ ಅವಸರ ಸುವಾರ್ತೆಗೆ ಒಪ್ಪುವಂಥದ್ದಲ್ಲ ಎಂಬುದು ನನ್ನ ವಾದ.

ನಾಲ್ಕು ಸುವಾರ್ತೆಗಳ ಪೈಕಿ ಯೋಹಾನನದೇ ಹೆಚ್ಚು ಆಧ್ಯಾತ್ಮಿಕವೆಂಬ ಮಾತು ಬಹಳ ಹಳೆಯದು. ಆದರೆ ಶಿಲುಬೆಯ ಮೇಲಿನ ಬಾಯಾರಿಕೆಯನ್ನು ದಾಖಲಿಸಿದವನು ಅವನೊಬ್ಬನೇ. ಸಮಾರ್ಯದ ಯಾಕೋಬನ ಬಾವಿಯ ಕಥೆಯನ್ನು ಹೇಳಿದವನೂ ಅವನೇ. ನಡುಹಗಲಿನಲ್ಲಿ ದಾರಿ ನಡೆದು ದಣಿದ ಯೇಸು ಬಾವಿಯ ಬಳಿ ಕುಳಿತಿದ್ದಾನೆ. ಬಾವಿ ಆಳ, ಸೇದಲು ಕೈಯಲ್ಲಿ ಏನೂ ಇಲ್ಲ. ನೀರಿಗೆ ಬಂದ ಹೆಣ್ಣುಮಗಳ ಹತ್ತಿರ ಅವನು ಮೊದಲು ಬೇಡುವುದು ಕುಡಿಯುವ ನೀರನ್ನು. ಯೆಹೂದ್ಯರಿಗೂ ಸಮಾರ್ಯದವರಿಗೂ ಕೊಡುಕೊಳ್ಳುವಿಕೆ ಇಲ್ಲದ ಕಾಲವದು. ಅವಳೇ ಬೆರಗಾಗಿ ಅದನ್ನು ಎತ್ತಿ ಆಡುತ್ತಾಳೆ. ಮೇಲಿನವರು ಎರೆದಾರೆಂದು ಊರ ಬಾವಿಯ ದೂರದಲ್ಲಿ ಕೊಡ ಹಿಡಿದು ಕಾದವರ ಚರಿತ್ರೆ ಗೊತ್ತಿರುವ ನಮಗೆ ಈ ಬೆರಗನ್ನು ಬಿಡಿಸಿ ಹೇಳಬೇಕಿಲ್ಲ. ಜೀವಜಲದ ಮಾತು ಬರುವುದು ಇಷ್ಟೆಲ್ಲ ಆದಮೇಲೆ. ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡುತ್ತಾಳೆ. ಲೋಕದ ನೀರಿನ ಹಂಗು ಹರಿಯಿತು ಎಂದು ಉಪದೇಶಕರು ಇದನ್ನು ವಿವರಿಸುವುದುಂಟು. ಯೋಹಾನ ಕಾರಣ ಹೇಳಿಲ್ಲ. ಯೇಸು ನೀರು ಕುಡಿದನೆಂದೂ ಬರೆದಿಲ್ಲ. ಸೇದಲು ಏನೂ ಇಲ್ಲದ ಬಾಯಾರಿದವನ ಬಳಿ ಅವಳ ಕೊಡ ಉಳಿಯಿತು, ಪಠ್ಯದಲ್ಲಿರುವುದು ಇಷ್ಟೇ. ಅವನು ಕುಡಿಯಲೆಂದೇ ಬಿಟ್ಟಳು ಎಂದರೆ ಅದೂ ಊಹೆಯೇ ಸರಿ. ಆದರೂ ನೀರು ಹೊತ್ತು ಗೊತ್ತಿರುವ ಹೆಂಗಸರು ಈ ಎರಡನೆಯ ಊಹೆಯನ್ನೇ ಬೇಗ ಒಪ್ಪಿಯಾರು.

ಈ ನೀರನ್ನು ಕುಡಿದವರಿಗೆ ಮತ್ತೆ ಬಾಯಾರುತ್ತದೆ ಎಂದು ಯೇಸುವೇ ಹೇಳಲಿಲ್ಲವೇ ಎಂದು ಕೇಳಬಹುದು. ಹೇಳಿದ್ದಾನೆ. ಮತ್ತೆ ಬಾಯಾರುವುದು ದೇಹದ ಸ್ವಭಾವ. ಅದನ್ನು ಹೇಳಿದ ಮಾತ್ರಕ್ಕೆ ದೇಹದ ನೀರು ಹಗುರವಾಗುವುದಿಲ್ಲ. ಅರಣ್ಯದ ರೆಫೀದೀಮಿನಲ್ಲಿ ನೀರಿಲ್ಲದೆ ಜನ ಮೋಶೆಯೊಡನೆ ಜಗಳಕ್ಕೆ ನಿಂತರು. ಆ ಜಾಗಕ್ಕೆ ಜಗಳದ ಹೆಸರೇ ಉಳಿಯಿತು, ನಂಬಿಕೆಗೆಟ್ಟವರೆಂಬ ಮಾತೂ ಬಂತು. ಹಾಗೆಂದು ಬಂಡೆಯ ನೀರು ನಂಬಿದವರಿಗಷ್ಟೇ ಹರಿಯಲಿಲ್ಲ, ಜಗಳವಾಡಿದವರೂ ಕುಡಿದರು. ಇನ್ನೊಂದು ಸಾಕ್ಷಿಯೂ ಇದೆ. ಬಾಯಾರಿದವರು ತನ್ನ ಬಳಿಗೆ ಬರಲಿ ಎಂದು ಯೇಸು ಕೂಗಿ ಕರೆದದ್ದು ಯೆರೂಸಲೇಮಿನ ಪರ್ಣಶಾಲೆಗಳ ಹಬ್ಬದಲ್ಲಿ. ಮಳೆಗಾಲ ಹತ್ತಿರವಾದಾಗ ಸಿಲೋವ ಕೊಳದಿಂದ ನೀರು ತಂದು ಬಲಿಪೀಠದ ಮೇಲೆ ಎರೆಯುತ್ತಿದ್ದ ಹಬ್ಬವದು. ಮಳೆ ಕೈಕೊಟ್ಟ ವರ್ಷ ಗುರ್ಜಿ ಹೊತ್ತು ಮನೆಮನೆ ತಿರುಗಿ ತಲೆಯ ಮೇಲೆ ನೀರು ಹೊಯ್ಸಿಕೊಳ್ಳುವ ನಮ್ಮ ಸೀಮೆಯ ರೈತರಿಗೆ ಅದರ ಆತಂಕ ಯಾವ ಪಂಡಿತನಿಗಿಂತಲೂ ಚೆನ್ನಾಗಿ ತಿಳಿದೀತು. ಆತ್ಮದ ಮಾತು ಹುಟ್ಟಿದ್ದೇ ಮಳೆಯ ಚಿಂತೆಯ ನಡುವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಹಾಗಾದರೆ ಸಭೆ ನೀರು ಸರಬರಾಜಿನ ಇಲಾಖೆಯಾಗಬೇಕೇ? ನೀರು, ಅನ್ನ ಕೊಟ್ಟು ಮತ ಬದಲಿಸಿದರೆಂಬ ಹಳೆಯ ದೂರಿಗೆ ಮತ್ತೆ ಬಾಗಿಲು ತೆರೆದಂತಾಗದೇ? ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1841ರಲ್ಲಿ. 1876-78ರ ಮಹಾಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಷನ್ನಿನವರು ಸಾಕಿದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಇದು ಕರುಣೆಯೋ ಬಲೆಯೋ ಎಂದು ಜನ ಕೇಳಿದ್ದರಲ್ಲಿ ತಪ್ಪಿಲ್ಲ, ಆ ಪ್ರಶ್ನೆಗೆ ಸಿಟ್ಟಾಗುವುದು ಸಭೆಗೆ ಶೋಭೆಯೂ ಅಲ್ಲ. ಅದಕ್ಕೆ ಉತ್ತರ ಯಾಕೋಬನ ಬಾವಿಯ ಬಳಿಯೇ ಇದೆ. ಅಲ್ಲಿ ದೇವರ ಮಗನೇ ಬೇಡುವವನು, ಪರಕೀಯಳೇ ಕೊಡಬಲ್ಲವಳು. ಹಾಗೆ ಬೇಡಿದವನ ಹೆಸರು ಹೇಳಿಕೊಂಡು ನೀರಿಗೆ ಷರತ್ತು ಹಾಕಲು ಬರುವುದಿಲ್ಲ. ಮತ್ತಾಯನ ಸುವಾರ್ತೆಯ ಕಡೆಯ ತೀರ್ಪಿನ ದೃಶ್ಯದಲ್ಲೂ ಬಾಯಾರಿದವನಿಗೆ ನೀರು ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂಬುದೇ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರು ಕುಡಿಯುವವರ ಕುಲ ಕೇಳುವುದಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿಯ ಸಂತೆಗೆ ಬಂದವರಿಗೆ ಈ ಧರ್ಮವನ್ನು ಹೊರಗಿನಿಂದ ಯಾರೂ ಬಂದು ಕಲಿಸಬೇಕಾಗಿಲ್ಲ. ಇಲಾಖೆಗೂ ಸಭೆಗೂ ವ್ಯತ್ಯಾಸ ಇದ್ದೇ ಇದೆ. ಟಾಕಿ ತುಂಬಿದ ಮನೆಯಲ್ಲೂ ಒಣಗಿದ ಮನಸ್ಸುಗಳಿರುತ್ತವೆ, ಅವಕ್ಕೆ ಪೈಪ್‌ಲೈನ್ ಮದ್ದಲ್ಲ. ಪ್ರಾರ್ಥನೆ, ಕ್ಷಮೆ, ಕರ್ತನ ಭೋಜನ ಇರುವುದು ಅದಕ್ಕೇ. ಆದರೆ ಒಳಗಿನ ಆ ತಂಪು ನಿಜವಾಗಿ ಸಿಕ್ಕವನು ಪಾಳಿಯಲ್ಲಿ ನಿಂತ ಕೊಡವನ್ನು ಕಂಡೂ ಕಾಣದಂತೆ ಹೋಗಲಾರ. ಹೋದರೆ, ಸಿಕ್ಕಿದ್ದು ಬೇರೇನೋ.

ಆದ್ದರಿಂದ ಬರುವ ಶುಭ ಶುಕ್ರವಾರ ಐದನೆಯ ವಾಕ್ಯದ ಮೇಲೆ ಮಾತಾಡುವ ಸಭಾಪಾಲಕರು ಗಂಟಲಿನ ಬಾಯಾರಿಕೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ. ಸಭೆಯ ಆವರಣದಲ್ಲಿ ಬೋರು ಇದ್ದರೆ ಅದರದೊಂದು ನಳವನ್ನು ಕಾಂಪೌಂಡಿನ ಹೊರಗೆ, ಓಣಿಯ ಕಡೆಗೆ ಹಾಕಿಸಲಿ.