ಕೈ ಎತ್ತಲಾರದವರ ಪರವಾಗಿ

ಸಂಘವಿಲ್ಲದ ಊರು ನಮ್ಮ ನಾಡಿನಲ್ಲಿ ಅಪರೂಪ. ಹಾಲು ಉತ್ಪಾದಕರಿಗೊಂದು ಸಂಘ, ಸ್ತ್ರೀಶಕ್ತಿ ಗುಂಪುಗಳಿಗೊಂದು ಒಕ್ಕೂಟ, ಶಿಕ್ಷಕರಿಗೊಂದು ಸಂಘ, ಧರ್ಮಕೇಂದ್ರಕ್ಕೊಂದು ಪಾಲನಾ ಸಮಿತಿ. ಮಹಾಸಭೆ ಸೇರುತ್ತದೆ, ಒಬ್ಬರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಸದಸ್ಯರು ಕೈ ಎತ್ತುತ್ತಾರೆ, ಅಧ್ಯಕ್ಷರ ಆಯ್ಕೆಯಾಗುತ್ತದೆ. ಅಂದಿನಿಂದ ಆ ವ್ಯಕ್ತಿ ಯಾರಿಗೆ ಸೇರಿದವರು? ಕೈ ಎತ್ತಿದವರಿಗೆ ಎಂಬುದು ನಮ್ಮ ಸಹಜ ಉತ್ತರ. ಹೆಚ್ಚಿನ ಸಂಘಗಳ ಮಟ್ಟಿಗೆ ಈ ಉತ್ತರ ಸಾಕು. ಆದರೆ ಯಾರ ಒಳಿತಿಗಾಗಿ ಸಂಘ ಹುಟ್ಟಿತೋ ಅವರಿಗೆ ಸಭೆಯಲ್ಲಿ ಸ್ಥಾನವೇ ಇಲ್ಲದ ಸಂಘಗಳೂ ಉಂಟು. ಅಂತಹ ಒಂದನ್ನು ಮುಂದಿಟ್ಟುಕೊಂಡು ನಾಯಕತ್ವದ ನೈತಿಕತೆಯನ್ನು ಕುರಿತು ಚಿಂತಿಸುವುದು ಈ ಲೇಖನದ ಉದ್ದೇಶ.

ನಾನು ಆರಿಸಿಕೊಂಡಿರುವುದು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದುಡಿಯುವ ತಜ್ಞ ವೈದ್ಯರ ಪ್ರಾದೇಶಿಕ ಸಂಘವನ್ನು. ತಿಂಗಳು ತುಂಬುವ ಮುನ್ನವೇ ಹುಟ್ಟಿದ, ಒಂದೂವರೆ ಕಿಲೋಗಿಂತಲೂ ಕಡಿಮೆ ತೂಗುವ ಮಕ್ಕಳು ಅವರ ಕೈಗೆ ಬರುತ್ತಾರೆ. ಅಂತಹ ಮಗುವಿನ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ಮೈಯ ಶಾಖವನ್ನು ಅದು ತಾನೇ ಕಾಪಾಡಿಕೊಳ್ಳಲಾರದು. ಹಾಲನ್ನು ಚೀಪಿ ನುಂಗುವ ಶಕ್ತಿಯೂ ಅದಕ್ಕಿರುವುದಿಲ್ಲ. ಅಳುವ ದನಿ ಕೂಡ ಗಾಜಿನ ಪೆಟ್ಟಿಗೆಯನ್ನು ದಾಟಿ ಹೊರಗೆ ಕೇಳಿಸದು. ಈ ವೈದ್ಯರು ತಮ್ಮ ಅಧ್ಯಕ್ಷರನ್ನು ಚುನಾಯಿಸುವಾಗ ಕೈ ಎತ್ತುವವರು ವೈದ್ಯರೇ ಹೊರತು ಆ ಶಿಶುಗಳಲ್ಲ. ಹಾಗಾದರೆ ಸದಸ್ಯರ ಹಿತವೂ ಶಿಶುವಿನ ಹಿತವೂ ಬೇರೆ ಬೇರೆ ದಾರಿ ಹಿಡಿದಾಗ ಅಧ್ಯಕ್ಷರು ಯಾರ ಪಕ್ಕದಲ್ಲಿ ನಿಲ್ಲಬೇಕು?

ಸದಸ್ಯರ ಹಿತವನ್ನು ಕೀಳೆಂದು ಕಾಣುವುದು ನ್ಯಾಯವಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ವೈದ್ಯನ ಕೈ ನಡುಗುತ್ತದೆ. ಒಬ್ಬ ದಾದಿಗೆ ಹತ್ತು ಶಿಶುಗಳ ಹೊಣೆ ಬಿದ್ದರೆ ಹತ್ತಕ್ಕೂ ಅಪಾಯ. ಆದ್ದರಿಂದ ಸದಸ್ಯರ ವೇತನ, ವಿಶ್ರಾಂತಿ, ರಕ್ಷಣೆಗಳಿಗಾಗಿ ದನಿಯೆತ್ತುವುದೂ ಬಹುಮಟ್ಟಿಗೆ ಶಿಶುಸೇವೆಯೇ. ನಾಯಕತ್ವದ ಪರೀಕ್ಷೆ ನಡೆಯುವುದು ಬೇರೆಡೆ: ಸದಸ್ಯರ ಅಭಿಮಾನಕ್ಕೆ, ಅನುಕೂಲಕ್ಕೆ, ಹೆಸರಿಗೆ ಪೆಟ್ಟು ಕೊಡುವ ಸತ್ಯವೊಂದು ಎದುರಾದಾಗ.

ಇದು ಕೇವಲ ಕಲ್ಪನೆಯ ಮಾತಲ್ಲವೆಂಬುದಕ್ಕೆ ಈ ವೈದ್ಯಶಾಖೆಯ ಇತಿಹಾಸವೇ ಸಾಕ್ಷಿ. 1940ರ ದಶಕದಲ್ಲಿ ಅಮೆರಿಕ ಮೊದಲಾದ ಮುಂದುವರಿದ ದೇಶಗಳ ಒಳ್ಳೆಯ ಆಸ್ಪತ್ರೆಗಳಲ್ಲಿ ಬದುಕುಳಿದ ಅಕಾಲಿಕ ಶಿಶುಗಳು ಕುರುಡಾಗತೊಡಗಿದವು. ಕಾರಣ ತಿಳಿಯದೆ ತಜ್ಞರು ಕಂಗೆಟ್ಟರು. ಉಸಿರಾಟಕ್ಕೆ ನೆರವಾಗಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಣ್ಣಿಗೆ ಮುಳುವಾಗಿರಬಹುದೆಂದು 1951ರಲ್ಲಿ ಆಸ್ಟ್ರೇಲಿಯಾದ ವೈದ್ಯೆ ಕೇಟ್ ಕ್ಯಾಂಬೆಲ್ ಸೂಚಿಸಿದರು. ಅದೇ ಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಆರ್ನಾಲ್ ಪ್ಯಾಟ್ಜ್ ಎಂಬ ವೈದ್ಯರು ಕೆಲವು ಶಿಶುಗಳಿಗೆ ಆಮ್ಲಜನಕವನ್ನು ಕಡಿಮೆ ಮಾಡಿ ಪರೀಕ್ಷಿಸಿದಾಗ, ಮಗುವಿಗೆ ಅನ್ಯಾಯವಾಗುತ್ತಿದೆಯೆಂದು ಭಾವಿಸಿದ ದಾದಿಯರು ರಾತ್ರಿಯ ವೇಳೆ ಅದನ್ನು ಹೆಚ್ಚಿಸುತ್ತಿದ್ದರಂತೆ. ಮಕ್ಕಳ ಮೇಲಿನ ಮಮತೆಯಿಂದಲೇ ಅವರು ಹಾಗೆ ಮಾಡಿದರು. ತಿಳಿವಳಿಕೆಯ ಬೆಂಬಲವಿಲ್ಲದ ಮಮತೆಯೂ ಕಣ್ಣು ಕೀಳಬಲ್ಲದು ಎಂಬುದು ಎಂಥ ಕಠಿಣ ಪಾಠ!

ಕೊನೆಗೆ ಸತ್ಯ ಹೊರಬಿದ್ದುದು ಅಮೆರಿಕದ ಹದಿನೆಂಟು ಆಸ್ಪತ್ರೆಗಳು 1953ರಲ್ಲಿ ಒಟ್ಟುಗೂಡಿ, ಒಂದೇ ನಿಯಮದಂತೆ ಪರೀಕ್ಷೆ ನಡೆಸಿ, ತಮ್ಮ ಲೆಕ್ಕಗಳನ್ನು ಒಂದೆಡೆ ಸೇರಿಸಿದಾಗ. ಅಷ್ಟು ಹೊತ್ತಿಗೆ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ದೃಷ್ಟಿ ಕಳೆದುಕೊಂಡಿದ್ದರು. ಆಮೇಲೆ ವೈದ್ಯಲೋಕ ಇನ್ನೊಂದು ತುದಿಗೆ ಹಾರಿತು. ಆಮ್ಲಜನಕವನ್ನು ಅತಿಯಾಗಿ ಬಿಗಿಹಿಡಿದುದರಿಂದ ಉಸಿರಾಡಲಾಗದೆ ಮಡಿದ ಶಿಶುಗಳೂ ಅನೇಕ. ಒಬ್ಬೊಬ್ಬ ವೈದ್ಯ ತನ್ನ ತನ್ನ ಕೊಠಡಿಯಲ್ಲಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಕಾಣಲಾರದ ಕೆಲವು ಸತ್ಯಗಳಿವೆ. ಎಲ್ಲರೂ ತಮ್ಮ ಪುಸ್ತಕ ತೆರೆದರೆ ಮಾತ್ರ ಅವು ಕಾಣುತ್ತವೆ. ವೃತ್ತಿಸಂಘಕ್ಕೆ ನೈತಿಕ ಆಧಾರವೇನಾದರೂ ಇದ್ದರೆ ಅದು ಇದೇ.

ಸತ್ಯ ಕಂಡರೆ ಸಾಕೇ? ಅದೂ ಸಾಲದು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಮುಂಚಿತವಾಗಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲೇ ಪ್ರಕಟಿಸಿದ್ದರು. ಔಷಧಿ ದುಬಾರಿಯದಲ್ಲ, ವಿಧಾನ ಕಷ್ಟದ್ದಲ್ಲ. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಅದನ್ನು ಸ್ಪಷ್ಟವಾಗಿ ಶಿಫಾರಸು ಮಾಡಲು 1994ರ ತನಕ ಕಾಯಬೇಕಾಯಿತು. ಆ ವೇಳೆಗೆ ಅಲ್ಲಿ ಅದನ್ನು ಪಡೆಯಬೇಕಾಗಿದ್ದ ತಾಯಂದಿರಲ್ಲಿ ಐವರಲ್ಲಿ ಒಬ್ಬರಿಗೂ ಅದು ದೊರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಜ್ಞಾನವು ಗ್ರಂಥಾಲಯದಲ್ಲಿತ್ತು, ಮಗು ಬೇರೆ ಕಡೆ ಉಸಿರಿಗಾಗಿ ಹೋರಾಡುತ್ತಿತ್ತು. ಅವೆರಡರ ನಡುವಿನ ದೂರವನ್ನು ಕಡಿಮೆ ಮಾಡುವವರು ಯಾರು? ಇದನ್ನೇ ನಾವು ನಾಯಕತ್ವವೆನ್ನುವುದು.

ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಹೊಣೆಯನ್ನು ಹೊತ್ತವರ ಸಾಲಿನಲ್ಲಿ ಆ ರಾಜ್ಯದ ನವಜಾತ ಶಿಶು ತಜ್ಞರ ಸಂಘವೂ ಇತ್ತು. ಅದರ ಪ್ರೇರಣೆಯಿಂದ 1997ರಲ್ಲಿ ಒಂದು ಸಹಯೋಗ ಸಂಸ್ಥೆ ರೂಪುಗೊಂಡಿತು. ಸದಸ್ಯ ಆಸ್ಪತ್ರೆಗಳು ತಮ್ಮಲ್ಲಿ ದಾಖಲಾದ ಅತಿ ಚಿಕ್ಕ ಶಿಶುಗಳಿಗೆ ಏನಾಯಿತೆಂಬ ವಿವರವನ್ನು ಒಂದೇ ಮಾದರಿಯಲ್ಲಿ ಬರೆದು ಕಳುಹಿಸಬೇಕು: ಬದುಕಿದವರೆಷ್ಟು, ಸೋಂಕು ತಗುಲಿದವರೆಷ್ಟು, ತಾಯಿಗೆ ಮೊದಲೇ ಚುಚ್ಚುಮದ್ದು ದೊರೆತಿತ್ತೇ ಎಂಬಿವೇ ಮುಂತಾದ ಪ್ರಶ್ನೆಗಳು. ಯಾರ ಪಾಲಿಗೆ ಹೆಚ್ಚು ಕಾಯಿಲೆಯ ಶಿಶುಗಳು ಬಂದವೆಂಬುದನ್ನೂ ಗಣನೆಗೆ ತೆಗೆದುಕೊಂಡು ಹೋಲಿಕೆ ಮಾಡಲಾಗುತ್ತದೆ. ಇಂದು 130ಕ್ಕೂ ಹೆಚ್ಚು ಆಸ್ಪತ್ರೆಗಳು, ಅಂದರೆ ಆ ರಾಜ್ಯದ ಇಂತಹ ಘಟಕಗಳ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು, ಈ ವ್ಯವಸ್ಥೆಯಲ್ಲಿವೆ.

ಮೊದಲಿಗೆ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಆ ಚುಚ್ಚುಮದ್ದಿನದೂ ಒಂದು. ಅದನ್ನು ಕೊಡುವವರು ಶಿಶುತಜ್ಞರಲ್ಲ, ಪ್ರಸೂತಿ ತಜ್ಞರು. ಹಾಗಾಗಿ ತಮ್ಮ ಸಂಘದ ಗೋಡೆಯೊಳಗೆ ಕುಳಿತು ಠರಾವು ಮಾಡಿದರೆ ಪ್ರಯೋಜನವಿರಲಿಲ್ಲ; ಬೇರೆ ವೃತ್ತಿಯವರ ಬಾಗಿಲು ತಟ್ಟಬೇಕಿತ್ತು. ಭಾಗವಹಿಸಿದ ಆಸ್ಪತ್ರೆಗಳಲ್ಲಿ 1998ರಲ್ಲಿ ನೂರಕ್ಕೆ 76 ಶಿಶುಗಳ ತಾಯಂದಿರಿಗೆ ದೊರೆಯುತ್ತಿದ್ದ ಆ ಔಷಧಿ 2001ರ ವೇಳೆಗೆ ನೂರಕ್ಕೆ 86 ಮಂದಿಗೆ ದೊರೆಯತೊಡಗಿತು. ಹೊಸ ಯಂತ್ರ ಬರಲಿಲ್ಲ, ಹೊಸ ಔಷಧಿಯೂ ಹುಟ್ಟಲಿಲ್ಲ. ಗೊತ್ತಿದ್ದುದನ್ನು ಮಾಡುವಂತೆ ಸಮಾನರು ಸಮಾನರನ್ನು ಒಪ್ಪಿಸಿದರು, ಅಷ್ಟೇ.

ಇಲ್ಲಿ ‘ಸಮಾನರು’ ಎಂಬ ಮಾತನ್ನು ಗಮನಿಸಬೇಕು. ಸೇನಾಧಿಪತಿ ಆಜ್ಞಾಪಿಸಬಲ್ಲ, ಮಾಲೀಕ ಸಂಬಳ ತಡೆಯಬಲ್ಲ. ವೃತ್ತಿಸಂಘದ ಅಧ್ಯಕ್ಷರಿಗೆ ಇವೆರಡೂ ಅಧಿಕಾರಗಳಿಲ್ಲ. ‘ನಿಮ್ಮ ಘಟಕದಲ್ಲಿ ಸತ್ತ ಮಕ್ಕಳ ಲೆಕ್ಕ ಕೊಡಿ’ ಎಂದು ಸಹೋದ್ಯೋಗಿಯನ್ನು ಕೇಳಬೇಕಾದರೆ, ತನ್ನ ಘಟಕದ ಲೆಕ್ಕವನ್ನು ಮೊದಲು ಮೇಜಿನ ಮೇಲಿಡುವ ಧೈರ್ಯ ಅವರಿಗಿರಬೇಕು. ಇತರರ ದೋಷವನ್ನು ಎತ್ತಿ ತೋರಿಸುವ ಹಕ್ಕು ಪದವಿಯಿಂದ ಬರುವುದಿಲ್ಲ. ತನ್ನನ್ನೂ ಅದೇ ತಕ್ಕಡಿಯಲ್ಲಿ ತೂಗಿಸಿಕೊಂಡವನಿಗೆ ಅದು ದಕ್ಕುತ್ತದೆ.

ಈ ವ್ಯವಸ್ಥೆಯಲ್ಲೊಂದು ತೊಡಕಿನ ಪ್ರಶ್ನೆಯೂ ಅಡಗಿದೆ. ಪ್ರತಿಯೊಂದು ಆಸ್ಪತ್ರೆಗೆ ತನ್ನ ಫಲಿತಾಂಶ ಇತರರ ಜೊತೆ ಹೋಲಿಸಿದರೆ ಹೇಗಿದೆಯೆಂಬ ವರದಿ ಗೋಪ್ಯವಾಗಿ ತಲುಪುತ್ತದೆ. ಮಗುವನ್ನು ಎತ್ತಿಕೊಂಡು ಓಡಿ ಬರುವ ತಂದೆ-ತಾಯಿಗೆ ಆ ಅಂಕಿಸಂಖ್ಯೆಯನ್ನು ತಿಳಿಯುವ ಹಕ್ಕಿಲ್ಲವೇ? ಹಕ್ಕಿದೆ ಎನ್ನಬೇಕಾಗುತ್ತದೆ. ಆದರೆ ಎಲ್ಲವೂ ಬಯಲಾಗುವುದಾದರೆ ಜನ ಸತ್ಯ ಬರೆಯಲು ಹೆದರುತ್ತಾರೆ, ತೀರಾ ಕಾಯಿಲೆಯ ಶಿಶುಗಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ ಎಂಬ ವಾದದಲ್ಲೂ ಹುರುಳಿದೆ. ನನಗೆ ತೋರುವುದು ಇಷ್ಟು: ಈ ಗೋಪ್ಯತೆ ಸಮಾಜವು ವೈದ್ಯರಿಗೆ ಕೊಟ್ಟ ಸಾಲ. ಆ ಮರೆಯಲ್ಲಿ ಅವರು ತಮ್ಮನ್ನು ತಿದ್ದಿಕೊಂಡರೆ ಸಾಲ ತೀರಿತು. ತಿದ್ದಿಕೊಳ್ಳದೆ ಕುಳಿತರೆ ಅದೇ ಗೋಪ್ಯತೆ ಮುಚ್ಚುಮರೆಯಾಗುತ್ತದೆ. ಆ ಸಾಲಕ್ಕೆ ಜಾಮೀನು ನಿಂತವರೇ ಸಂಘದ ನಾಯಕರು.

ಪುಸ್ತಕ ತೆರೆದವರಿಗೆ ಹಿತವಾದುದಷ್ಟೇ ಕಾಣುವುದಿಲ್ಲ. ಇದೇ ಕ್ಯಾಲಿಫೋರ್ನಿಯಾದ 134 ಘಟಕಗಳಲ್ಲಿ 2010ರಿಂದ 2014ರವರೆಗೆ ಆರೈಕೆ ಪಡೆದ 18,616 ಅತಿ ಕಡಿಮೆ ತೂಕದ ಶಿಶುಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆರೈಕೆಯ ಗುಣಮಟ್ಟದಲ್ಲಿ ಜನಾಂಗದಿಂದ ಜನಾಂಗಕ್ಕೆ ಅಂತರವಿದೆಯೆಂದು ಅದು ತೋರಿಸಿತು. ಆಸ್ಪತ್ರೆ ಆಸ್ಪತ್ರೆಗಳ ನಡುವೆ ಮಾತ್ರವಲ್ಲ, ಒಂದೇ ಆಸ್ಪತ್ರೆಯೊಳಗೂ. ಯಾವ ವೈದ್ಯನೂ ತಾನು ಮೈಬಣ್ಣ ನೋಡಿ ಚಿಕಿತ್ಸೆ ಕೊಡುತ್ತೇನೆಂದು ಒಪ್ಪಿಕೊಳ್ಳಲಾರ. ಹಾಗೆ ಮಾಡಬೇಕೆಂದು ಬಯಸುವವರೂ ಇರಲಾರರು. ಆದರೂ ಒಟ್ಟು ಲೆಕ್ಕ ಬೇರೆಯದೇ ಹೇಳಿತು. ಇಂತಹ ವರದಿ ಕೈಸೇರಿದ ದಿನ ಅಧ್ಯಕ್ಷರ ಮುಂದೆ ಎರಡು ದಾರಿಗಳಿರುತ್ತವೆ. ‘ನಮ್ಮವರು ಅಂಥವರಲ್ಲ’ ಎಂದು ಸದಸ್ಯರ ಬೆನ್ನು ತಟ್ಟಬಹುದು. ‘ನಾವು ಅರಿಯದೆಯೇ ಇದು ನಮ್ಮ ನಡುವೆ ನಡೆದಿದೆ’ ಎಂದು ಹೇಳಬಹುದು. ಮೊದಲನೆಯದಕ್ಕೆ ಚಪ್ಪಾಳೆ ಸಿಗುತ್ತದೆ. ಎರಡನೆಯದಕ್ಕೆ ಮೌನ.

ನಮ್ಮ ದೇಶದ ಕಡೆಗೂ ಕಣ್ಣು ಹಾಯಿಸೋಣ. ನವಜಾತ ಶಿಶು ತಜ್ಞರ ರಾಷ್ಟ್ರೀಯ ವೇದಿಕೆಯಾದ ನ್ಯಾಷನಲ್ ನಿಯೋನಾಟಾಲಜಿ ಫೋರಂ 1980ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕವೂ ಸೇರಿದಂತೆ ರಾಜ್ಯಗಳಲ್ಲಿ ಅದರ ಶಾಖೆಗಳಿವೆ. 2021ರ ಮಾದರಿ ನೋಂದಣಿ ವರದಿಯಂತೆ ಭಾರತದಲ್ಲಿ ಹುಟ್ಟುವ ಪ್ರತಿ ಸಾವಿರ ಶಿಶುಗಳಲ್ಲಿ 19 ಶಿಶುಗಳು ಮೊದಲ ಇಪ್ಪತ್ತೆಂಟು ದಿನಗಳೊಳಗೆ ಕಣ್ಣು ಮುಚ್ಚುತ್ತವೆ. ಇಲ್ಲಿ ಸಂಘದ ನಾಯಕರ ಮುಂದಿರುವ ಪ್ರಲೋಭನೆಗಳಲ್ಲಿ ಒಂದನ್ನು ನಮ್ಮ ಶಾಸನವೇ ಗುರುತಿಸಿದೆ. ಸಮ್ಮೇಳನ ನಡೆಸಲು ಹಣ ಬೇಕು. ಹಣ ಕೊಡಲು ಕಂಪನಿಗಳು ಸಿದ್ಧವಾಗಿರುತ್ತವೆ. ತಾಯಿಯ ಹಾಲಿಗೆ ಬದಲಾಗಿ ಡಬ್ಬಿ ಹಾಲನ್ನು ಪ್ರಚಾರ ಮಾಡದಂತೆ 1992ರಲ್ಲಿ ಬಂದ ಕಾನೂನು, 2003ರ ತಿದ್ದುಪಡಿಯ ನಂತರ, ಅಂತಹ ಆಹಾರ ತಯಾರಕರು ಆರೋಗ್ಯ ಕಾರ್ಯಕರ್ತರ ಸಂಘಗಳಿಗೆ ಸಭೆ, ಸಮ್ಮೇಳನ, ಸಂಶೋಧನೆಗಳಿಗೆಂದು ಹಣ ನೀಡುವುದನ್ನೂ ನಿಷೇಧಿಸುತ್ತದೆ. ಬಿಟ್ಟಿ ಊಟದ ಋಣ ಮರುದಿನ ಚೀಟಿ ಬರೆಯುವ ಕೈಯನ್ನು ಹಿಡಿದು ನಡೆಸುತ್ತದೆಂದು ಕಾನೂನು ಬರೆದವರಿಗೆ ತಿಳಿದಿತ್ತು. ಆದರೆ ಕಾನೂನಿನ ಕಣ್ಣು ಎಲ್ಲ ಕಡೆಗೂ ಹೋಗಲಾರದು. ಯಾರ ಹಣವನ್ನು ಬೇಡವೆನ್ನಬೇಕು, ಎಷ್ಟು ಸರಳವಾಗಿ ಸಭೆ ನಡೆಸಬೇಕು ಎಂಬ ನಿರ್ಧಾರ ಕೊನೆಗೆ ಅಧ್ಯಕ್ಷರ ಮನಸ್ಸಾಕ್ಷಿಗೆ ಬಿಟ್ಟದ್ದು.

ಇನ್ನೊಂದು ಪರೀಕ್ಷೆ ಅನುಕೂಲಕ್ಕೆ ಸಂಬಂಧಿಸಿದುದು. ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಒರಗಿಸಿಡುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಆರಂಭವಾಯಿತು. ಶಿಶು ಚೇತರಿಸಿಕೊಂಡ ಮೇಲಷ್ಟೇ ಅದನ್ನು ತಾಯಿಗೆ ಒಪ್ಪಿಸುವುದು ಬಹುಕಾಲದ ರೂಢಿಯಾಗಿತ್ತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಯ ಮೇಲಿಟ್ಟ ಶಿಶುಗಳಲ್ಲಿ ಸಾವು ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಹೀಗೆ ಮಾಡಬೇಕಾದರೆ ತಾಯಿಗೂ ತೀವ್ರ ನಿಗಾ ಘಟಕದೊಳಗೆ ಹಾಸಿಗೆ ಬೇಕು. ವೈದ್ಯರ ದಿನಚರಿ ಬದಲಾಗಬೇಕು. ಬಾಗಿಲಲ್ಲಿ ನಿಲ್ಲಿಸಿದ ಹಳ್ಳಿಯ ಬಾಣಂತಿಯನ್ನು ಜೊತೆಗಾರಳೆಂದು ಒಪ್ಪಿಕೊಳ್ಳಬೇಕು. ಯಂತ್ರ ತರಿಸುವ ಅಧ್ಯಕ್ಷರಿಗೆ ಉದ್ಘಾಟನೆಯ ನಾಮಫಲಕ ಸಿಗುತ್ತದೆ. ತಾಯಿಗೆ ಹಾಸಿಗೆ ಹಾಕಿಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ.

ಪ್ರಿಯ ವಾಚಕರೇ, ವೈದ್ಯರ ಸಂಘದ ಮಾತು ನಮಗೇಕೆ ಎಂದು ನಿಮಗೆ ಅನಿಸಬಹುದು. ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಸಮಿತಿಯಲ್ಲಿದ್ದೇವೆ. ಶಾಲೆಯ ಆಡಳಿತ ಮಂಡಳಿಯಲ್ಲಿ ಕೈ ಎತ್ತುವವರು ದೊಡ್ಡವರು, ಬೆಂಚಿನ ಮೇಲೆ ಕೂರುವವರು ಮಕ್ಕಳು. ನೀರು ಬಳಕೆದಾರರ ಸಂಘದಲ್ಲಿ ಕೈ ಎತ್ತುವವರು ಇಂದಿನ ರೈತರು, ಬತ್ತಿದ ಕೆರೆಯನ್ನು ಪಡೆಯುವವರು ನಾಳೆ ಹುಟ್ಟುವವರು. ಮನೆಯಲ್ಲೂ ಅಷ್ಟೇ: ಆಸ್ತಿಯ ಮಾತಿಗೆ ಅಣ್ಣತಮ್ಮಂದಿರು ಸೇರುತ್ತಾರೆ, ಹಾಸಿಗೆ ಹಿಡಿದ ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಹೊಣೆಹೊತ್ತ ಎಲ್ಲ ಕಡೆಗಳಲ್ಲೂ ಸಭೆಗೆ ಬರಲಾಗದ ಒಬ್ಬರು ಇದ್ದೇ ಇರುತ್ತಾರೆ.

ಅಧ್ಯಕ್ಷರ ಅವಧಿ ಒಂದೆರಡು ವರ್ಷಗಳದ್ದು. ಅಂದು ಬದುಕುಳಿದ ಶಿಶುವಿನ ಆಯುಷ್ಯ ಎಪ್ಪತ್ತು ಎಂಬತ್ತು ವರ್ಷಗಳದ್ದಾಗಬಹುದು. ಆ ಮಗು ಬೆಳೆದು ಶಾಲೆಗೆ ಹೋಗುತ್ತದೆ, ಮದುವೆಯಾಗುತ್ತದೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತದೆ. ತನ್ನ ತಾಯಿಗೆ ಸಕಾಲದಲ್ಲಿ ಚುಚ್ಚುಮದ್ದು ಸಿಗುವಂತೆ ಯಾವ ಸಭೆಯಲ್ಲಿ ಯಾರು ಹಟ ಹಿಡಿದಿದ್ದರೆಂದು ಅದಕ್ಕೆ ತಿಳಿಯುವುದೇ ಇಲ್ಲ. ಹಾರ ಹಾಕಲು ಅದು ಬರುವುದಿಲ್ಲ. ಆ ಹಾರವನ್ನು ನಿರೀಕ್ಷಿಸದೆ ಆ ಮಗುವಿಗಾಗಿ ಸದಸ್ಯರೆದುರು ಎದ್ದು ನಿಲ್ಲಬಲ್ಲವರನ್ನು ನಮ್ಮ ಸಂಘಗಳಿಗೆ ಆರಿಸೋಣ. ಮುಂದಿನ ಮಹಾಸಭೆಯಲ್ಲಿ ಕೈ ಎತ್ತುವ ಮುನ್ನ, ಅಲ್ಲಿಗೆ ಬರಲಾಗದವರು ಯಾರೆಂದು ಒಮ್ಮೆ ನೆನೆಯೋಣ.