ಇರವು ಒಂದು ಕ್ರಿಯೆಯೇ?

ಇಂಗ್ಲಿಷ್ ವ್ಯಾಕರಣದ ಶಾಲಾ ಪಾಠವು ಭಾಷೆಯ ಪದಗಳನ್ನೆಲ್ಲ ನಾಮಪದ, ಸರ್ವನಾಮ, ಗುಣವಾಚಕ, ಕ್ರಿಯಾಪದ, ಕ್ರಿಯಾವಿಶೇಷಣ, ಸಂಬಂಧಸೂಚಕ, ಸಂಯೋಜಕ, ಭಾವಸೂಚಕ ಎಂಬ ಎಂಟು ವರ್ಗಗಳಲ್ಲಿ ಇರಿಸುತ್ತದೆ. ಈ ವಿಂಗಡಣೆ ಇಂಗ್ಲಿಷಿನ ನೆಲದಲ್ಲಿ ಹುಟ್ಟಿದ್ದಲ್ಲ. ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವ್ಯಾಕರಣದಲ್ಲಿ ರೂಪುಗೊಂಡು, ಲ್ಯಾಟಿನ್ ವೈಯಾಕರಣರ ಕೈಯಲ್ಲಿ ಅಷ್ಟಿಷ್ಟು ಬದಲಾಗಿ, ಇಂಗ್ಲಿಷಿನ ಮೊದಲ ವ್ಯಾಕರಣವನ್ನು 1586ರಲ್ಲಿ ಪ್ರಕಟಿಸಿದ ವಿಲಿಯಂ ಬುಲ್ಲೋಕರನಂಥವರ ಮೂಲಕ ಆ ಭಾಷೆಗೆ ಇಳಿದುಬಂದದ್ದು. ಮುಂದೆ 1795ರಲ್ಲಿ ಹೊರಬಂದು ದೀರ್ಘಕಾಲ ಪಠ್ಯವಾಗಿದ್ದ ಲಿಂಡ್ಲೆ ಮರೆಯ ವ್ಯಾಕರಣವು, ಇರುವುದನ್ನೂ ಮಾಡುವುದನ್ನೂ ಒಳಗಾಗುವುದನ್ನೂ ತಿಳಿಸುವ ಪದವೇ ಕ್ರಿಯಾಪದವೆಂದು ವಿವರಿಸಿತು. ಮಾಡುವುದೂ ಮತ್ತೊಬ್ಬರು ಮಾಡಿದ್ದಕ್ಕೆ ಒಳಗಾಗುವುದೂ ಕ್ರಿಯೆಗೆ ಸಂಬಂಧಿಸಿದವು ಎಂಬುದು ನಿರ್ವಿವಾದ. ಆದರೆ ಬೆಟ್ಟವೊಂದು ಸುಮ್ಮನೆ ಇರುವಾಗ ಅದು ಏನನ್ನಾದರೂ ಮಾಡುತ್ತಿದೆಯೇ ಎಂದು ಕೇಳಿದರೆ, ವ್ಯಾಕರಣದ ಈ ವಿವರಣೆ ತತ್ತ್ವಶಾಸ್ತ್ರದ ಪ್ರಶ್ನೆಯಾಗುತ್ತದೆ.

ಭಾರತದಲ್ಲಿ ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡವನು ನಿರುಕ್ತಕಾರ ಯಾಸ್ಕ. ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ವಿಂಗಡಿಸಿದ ಅವನ ಪ್ರಕಾರ ನಾಮದಲ್ಲಿ ಸತ್ತ್ವ, ಅಂದರೆ ನೆಲೆಗೊಂಡ ವಸ್ತು, ಪ್ರಧಾನ. ಆಖ್ಯಾತದಲ್ಲಿ, ಅಂದರೆ ಕ್ರಿಯಾಪದದಲ್ಲಿ, ಭಾವ ಎಂದರೆ ಆಗುವಿಕೆ ಪ್ರಧಾನ. ಕನ್ನಡದ ಉದಾಹರಣೆಯಿಂದ ಹೇಳುವುದಾದರೆ ‘ನಡೆಯುತ್ತಾನೆ’ ಎಂಬಲ್ಲಿ ಹೆಜ್ಜೆಯ ಮೇಲೆ ಹೆಜ್ಜೆಯಾಗಿ ಸಾಗುವ ಪ್ರವಾಹ ತೋರುತ್ತದೆ. ‘ನಡಿಗೆ’ ಎಂಬಲ್ಲಿ ಅದೇ ಪ್ರವಾಹ ಮೊದಲು-ಕೊನೆಗಳೊಡನೆ ಗಟ್ಟಿಗೊಂಡು ಒಂದು ವಸ್ತುವಿನಂತೆ ನಿಲ್ಲುತ್ತದೆ. ಯಾಸ್ಕನು ಉದಾಹರಿಸುವ ವಾರ್ಷ್ಯಾಯಣಿ ಎಂಬ ಆಚಾರ್ಯನು ಭಾವಕ್ಕೆ ಆರು ವಿಕಾರಗಳನ್ನು ಹೇಳಿದ: ಹುಟ್ಟುವುದು, ಇರುವುದು, ಮಾರ್ಪಡುವುದು, ಬೆಳೆಯುವುದು, ಕುಂದುವುದು, ಅಳಿಯುವುದು. ಈ ಎಣಿಕೆಯಲ್ಲಿ ಇರವು ಎರಡನೆಯದು ಎಂಬುದನ್ನು ಗಮನಿಸಬೇಕು. ಇಲ್ಲಿ ಅದು ಆಗುವಿಕೆಯ ಹಿಂದೆ ಅಚಲವಾಗಿ ನಿಂತ ಆಧಾರವಲ್ಲ, ಆಗುವಿಕೆಯ ಒಂದು ಘಟ್ಟ. ಹುಟ್ಟಿದ್ದು ಅಳಿಯುವ ಮುನ್ನ ತನ್ನನ್ನು ತಾನು ಹಿಡಿದುಕೊಂಡಿರುವ ಬಗೆ. ಆದ್ದರಿಂದ ಈ ಪರಂಪರೆಗೆ ‘ಇರು’ ಕ್ರಿಯಾಪದವೆಂಬುದರಲ್ಲಿ ಸಂದೇಹ ಹುಟ್ಟಲಿಲ್ಲ. ಕ್ರಿಯಾಪದವಿಲ್ಲದ ವಾಕ್ಯದಲ್ಲಿಯೂ ‘ಅಸ್ತಿ’ ಎಂಬುದು ಅಧ್ಯಾಹಾರವಾಗಿ, ಎಂದರೆ ಹೇಳದೆಯೇ ಒಳಗಿರುವ ಪದವಾಗಿ, ಇದ್ದೇ ಇರುತ್ತದೆಂದು ವಾರ್ತಿಕಕಾರ ಕಾತ್ಯಾಯನನೂ ಒಪ್ಪಿದ.

ಇಂಗ್ಲಿಷಿನ ‘ಬಿ’ ಎಂಬ ಕ್ರಿಯಾಪದವು ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಅದರ ರೂಪಗಳು ಒಂದೇ ಧಾತುವಿನಿಂದ ಬಂದವಲ್ಲ: ‘ಆಮ್’, ‘ಈಸ್’ ಎಂಬವು ಸಂಸ್ಕೃತದ ‘ಅಸ್’ ಧಾತುವಿನ ಬಂಧುಗಳು, ‘ಬಿ’, ‘ಬೀನ್’ ಎಂಬವು ‘ಭೂ’ ಧಾತುವಿನ ಬಂಧುಗಳು, ‘ವಾಸ್’, ‘ವರ್’ ಎಂಬವು ವಾಸಿಸುವುದೆಂಬ ಅರ್ಥದ ‘ವಸ್’ ಧಾತುವಿನ ಬಂಧುಗಳು. ಇರುವುದು, ಆಗುವುದು, ನೆಲಸುವುದು ಎಂಬ ಮೂರು ಅನುಭವಗಳು ಹೀಗೆ ಒಂದೇ ಕ್ರಿಯಾಪದದಲ್ಲಿ ಬೆರೆತುಹೋಗಿವೆ. ಅದರ ಕೆಲಸಗಳೂ ಹಲವು: ದೇವರಿದ್ದಾನೆ ಎಂದು ಅಸ್ತಿತ್ವವನ್ನು ಹೇಳಲು, ಹಾಲು ಬೆಳ್ಳಗಿದೆ ಎಂದು ಗುಣವನ್ನು ಹೇಳಲು, ಬೆಳಗಿನ ಬೆಳ್ಳಿಯೇ ಸಂಜೆಯ ಬೆಳ್ಳಿ ಎಂದು ಎರಡು ಹೆಸರುಗಳ ಐಕ್ಯವನ್ನು ಹೇಳಲು ಇಂಗ್ಲಿಷಿಗೆ ‘ಈಸ್’ ಒಂದೇ ಸಾಕು. ಗುಣವನ್ನು ಹೇಳುವುದಕ್ಕೂ ಐಕ್ಯವನ್ನು ಹೇಳುವುದಕ್ಕೂ ಒಂದೇ ಪದ ಬಳಕೆಯಾಗುವುದನ್ನು ಬರ್ಟ್ರಂಡ್ ರಸೆಲ್ 1919ರ ತನ್ನ ಗ್ರಂಥದಲ್ಲಿ ಮನುಕುಲಕ್ಕೇ ಅವಮಾನವೆಂದು ಬಗೆದನು.

ಕನ್ನಡವು ಈ ಕೆಲಸಗಳನ್ನು ಬೇರೆ ರೀತಿಯಲ್ಲಿ ಹಂಚಿಕೊಂಡಿದೆ. ‘ಅವಳು ವೈದ್ಯೆ’ ಎಂಬ ವಾಕ್ಯ ಕ್ರಿಯಾಪದವಿಲ್ಲದೆಯೇ ಪೂರ್ಣ. ‘ಅವಳು ಮನೆಯಲ್ಲಿದ್ದಾಳೆ’ ಎನ್ನುವಾಗ ‘ಇರು’ ಧಾತು ಬರಲೇಬೇಕು. ಮೊದಲನೆಯ ವಾಕ್ಯವನ್ನು ಭೂತಕಾಲಕ್ಕೆ ಒಯ್ದರೆ ಮಾತ್ರ ‘ವೈದ್ಯೆಯಾಗಿದ್ದಳು’ ಎಂದು ಕ್ರಿಯಾಪದ ಮೂಡುತ್ತದೆ. ನಾಮಕ್ಕಿಲ್ಲದ ಕಾಲಸೂಚನೆ ಕ್ರಿಯಾಪದಕ್ಕೆ ಉಂಟು ಎಂದು ಅರಿಸ್ಟಾಟಲನು ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಕಷ್ಟ: ಕಾಲವನ್ನು ಹೇಳುವ ಅಗತ್ಯ ಬಿದ್ದೊಡನೆ, ಅದುವರೆಗೆ ಮೌನವಾಗಿದ್ದ ಕ್ರಿಯೆ ತಲೆಯೆತ್ತುತ್ತದೆ.

ಕನ್ನಡದ ನಿಜವಾದ ಸಂಪತ್ತು ತೋರುವುದು ನಿಷೇಧದಲ್ಲಿ. ‘ಇದು ಮರವಲ್ಲ’, ‘ಇಲ್ಲಿ ಮರವಿಲ್ಲ’ ಎಂಬ ಎರಡು ವಾಕ್ಯಗಳನ್ನು ಕನ್ನಡದ ಮಗುವೂ ಬೆರೆಸುವುದಿಲ್ಲ. ‘ಅಲ್ಲ’ ಎಂಬುದು ಒಂದು ಮತ್ತೊಂದಾಗಿರುವುದನ್ನು ನಿರಾಕರಿಸುತ್ತದೆ, ‘ಇಲ್ಲ’ ಎಂಬುದು ಇರವನ್ನೇ ನಿರಾಕರಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಸ್ ನಾಟ್’ ಎಂಬುದೇ ಗತಿ. ನ್ಯಾಯಶಾಸ್ತ್ರವು ಅಭಾವವನ್ನು ವಿಂಗಡಿಸಿದ್ದೂ ಇದೇ ಗೆರೆಯ ಮೇಲೆ: ಗಡಿಗೆಯು ಬಟ್ಟೆಯಲ್ಲ ಎಂಬ ಭೇದವನ್ನು ಅದು ಅನ್ಯೋನ್ಯಾಭಾವವೆಂದೂ, ನೆಲದ ಮೇಲೆ ಗಡಿಗೆಯಿಲ್ಲ ಎಂಬ ಸಂಬಂಧದ ಕೊರತೆಯನ್ನು ಸಂಸರ್ಗಾಭಾವವೆಂದೂ ಕರೆಯಿತು. ಇಲ್ಲದ್ದನ್ನು ನುಡಿಯಲೂ ನೆನೆಯಲೂ ಬಾರದೆಂದು ಪಾರ್ಮೆನಿಡೀಸನು ಗ್ರೀಸಿನಲ್ಲಿ ಹೂಡಿದ ವಾದವು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ವಾಕ್ಯವೆಂಬುದು ನಾಮ ಮತ್ತು ಕ್ರಿಯೆಗಳ ಹೆಣಿಗೆ ಎಂಬುದನ್ನು ತೋರಿಸಿದ ‘ಸೋಫಿಸ್ಟ್’ ಸಂವಾದದಲ್ಲಿಯೇ ಪ್ಲೇಟೊ ಆ ಗಂಟನ್ನೂ ಬಿಡಿಸಿದನು: ಇಲ್ಲದಿರುವಿಕೆ ಎಂದು ನಾವು ಹೇಳುವುದು ಶೂನ್ಯವನ್ನಲ್ಲ, ಬೇರೆಯಾಗಿರುವುದನ್ನು. ಪ್ಲೇಟೊವಿನ ಈ ಶೋಧನೆಯನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು: ‘ಇಲ್ಲ’ ಎಂದು ತೋರಿದ್ದು ‘ಅಲ್ಲ’ ಆಗಿತ್ತು.

ದೇವರ ಅಸ್ತಿತ್ವದ ವಿಚಾರದಲ್ಲಿ ಈ ವಿವೇಕದ ಬೆಲೆ ಇನ್ನೂ ಹೆಚ್ಚು. ಹನ್ನೊಂದನೆಯ ಶತಮಾನದ ಕ್ರೈಸ್ತ ಸಂತ ಆನ್ಸೆಲ್ಮನು, ಯಾವುದಕ್ಕಿಂತ ಹಿರಿದಾದದ್ದನ್ನು ಊಹಿಸಲಾಗದೋ ಅದೇ ದೇವರೆಂದು ಇಟ್ಟುಕೊಂಡು, ಮನಸ್ಸಿನಲ್ಲಿ ಮಾತ್ರ ಇರುವುದಕ್ಕಿಂತ ವಾಸ್ತವದಲ್ಲಿಯೂ ಇರುವುದು ಹಿರಿದಾದ್ದರಿಂದ ದೇವರು ಇರಲೇಬೇಕೆಂದು ವಾದಿಸಿದ. ಇಮ್ಯಾನುಯೆಲ್ ಕಾಂಟನು 1781ರಲ್ಲಿ ಇದಕ್ಕೆ ಕೊಟ್ಟ ಉತ್ತರದ ಸಾರವೆಂದರೆ, ಇರವು ವಸ್ತುವಿನ ಗುಣಗಳಿಗೆ ಸೇರಿಸಬಹುದಾದ ಮತ್ತೊಂದು ಗುಣವಲ್ಲ. ಊಹೆಯ ನೂರು ನಾಣ್ಯಗಳಿಗೂ ಕೈಯಲ್ಲಿರುವ ನೂರು ನಾಣ್ಯಗಳಿಗೂ ಕಲ್ಪನೆಯಲ್ಲಿ ಒಂದು ಕಾಸಿನಷ್ಟೂ ಅಂತರವಿಲ್ಲ. ‘ದೇವರು ಸರ್ವಜ್ಞ’ ಎಂಬ ಕ್ರಿಯಾರಹಿತ ವಾಕ್ಯವನ್ನೂ ‘ದೇವರಿದ್ದಾನೆ’ ಎಂಬ ಕ್ರಿಯಾಸಹಿತ ವಾಕ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಕನ್ನಡಿಗನಿಗೆ ಕಾಂಟನ ಮಾತು ಅಪರಿಚಿತವೆನಿಸದು. ನೈಯಾಯಿಕ ಉದಯನನೂ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನ ಲಕ್ಷಣದಿಂದ ಅವನ ಇರವನ್ನು ಹಿಂಡಲು ಹೋಗದೆ, ಜಗತ್ತೆಂಬ ಕಾರ್ಯದಿಂದ ಕರ್ತೃವನ್ನು ಅನುಮಾನಿಸುವ ದಾರಿಯನ್ನು ಹಿಡಿದನು.

ವೇದಾಂತದ ಮಹಾವಿವಾದವೊಂದು ಇಂಥದೇ ಒಂದು ಕ್ರಿಯಾಪದದ ಸುತ್ತ ನಡೆಯಿತು. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಒಂಬತ್ತು ಸಲ ಹೇಳುವ ‘ತತ್ ತ್ವಮ್ ಅಸಿ’ ಎಂಬ ಉಪದೇಶದಲ್ಲಿ ‘ಅದು’, ‘ನೀನು’ ಎಂಬರ್ಥದ ಎರಡು ಸರ್ವನಾಮಗಳನ್ನು ‘ಅಸಿ’ ಎಂಬ ಕ್ರಿಯಾಪದ ಜೋಡಿಸುತ್ತದೆ. ಅದ್ವೈತಿಗಳು ಆ ಜೋಡಣೆಯಲ್ಲಿ ಅಖಂಡ ಐಕ್ಯವನ್ನು ಕಂಡರು. ರಾಮಾನುಜರು ಒಂದೇ ವಸ್ತುವನ್ನು ಬೇರೆ ಬೇರೆ ವಿಶೇಷಣಗಳಿಂದ ತೋರಿಸುವ ಸಾಮಾನಾಧಿಕರಣ್ಯವನ್ನು ಕಂಡರು. ಉಡುಪಿಯ ಮಧ್ವಾಚಾರ್ಯರು ಹಿಂದಿನ ‘ಆತ್ಮಾ’ ಎಂಬ ಪದದೊಡನೆ ಸಂಧಿಯಾಗಿರುವ ಎಡೆಯನ್ನು ಬೇರೆಯಾಗಿ ಬಿಡಿಸಿ, ‘ಅತತ್’ ಎಂದು ಓದಿ, ಅದು ನೀನಲ್ಲ ಎಂಬ ಭೇದವನ್ನು ಸ್ಥಾಪಿಸಿದರು. ‘ಅಸಿ’ ಎಂಬ ಪದ ಬದಲಾಗಲಿಲ್ಲ. ಅದು ಯಾವ ಬಗೆಯ ಸಂಬಂಧವನ್ನು ಹೇಳುತ್ತದೆ, ಯಾವುದನ್ನು ಯಾವುದಕ್ಕೆ ಜೋಡಿಸುತ್ತದೆ ಎಂಬ ಅರಿವು ಮಾತ್ರ ಬದಲಾಯಿತು.

ಕನ್ನಡದ ವ್ಯಾಕರಣವು ಸತ್ಯಕ್ಕೆ ಹತ್ತಿರ, ಇಂಗ್ಲಿಷಿನದು ದೂರ ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಪದವರ್ಗಗಳು ಮಾತಿನ ಅನುಕೂಲಕ್ಕಾಗಿ ಆದ ಏರ್ಪಾಡು. ಜಗತ್ತು ಅವುಗಳಂತೆಯೇ ವಿಂಗಡಣೆಗೊಂಡಿದೆ ಎಂದು ನಂಬುವುದು ಯಾವ ಭಾಷೆಯವರಿಗೂ ತಪ್ಪೇ. ಆದರೆ ಒಂದು ಭಾಷೆ ಮುಚ್ಚಿಟ್ಟದ್ದನ್ನು ಇನ್ನೊಂದು ತೆರೆದಿಡುವುದರಿಂದ, ಎರಡನ್ನೂ ಬಲ್ಲವರಿಗೆ ಒಂದೇ ಭಾಷೆಯಲ್ಲಿ ಯೋಚಿಸುವವರಿಗಿಲ್ಲದ ಎಚ್ಚರ ದೊರೆಯುತ್ತದೆ. ಇಂಗ್ಲಿಷ್ ಕಲಿಸುವ ಕನ್ನಡದ ಉಪಾಧ್ಯಾಯರು ‘ಆಮ್’, ‘ಈಸ್’, ‘ಆರ್’ಗಳನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ, ಪ್ರತಿ ವಾಕ್ಯದಲ್ಲಿಯೂ ಆ ಪದದ ಹಿಂದೆ ‘ಇದೆ’ ಇದೆಯೋ, ‘ಆಗಿದೆ’ ಇದೆಯೋ, ಬರಿಯ ಮೌನವಿದೆಯೋ, ಅದರ ನಿಷೇಧ ‘ಇಲ್ಲ’ವೋ ‘ಅಲ್ಲ’ವೋ ಎಂದು ಮಕ್ಕಳನ್ನು ಕೇಳಲಿ. ಆ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯಾರ್ಥಿ ಇಂಗ್ಲಿಷನ್ನು ಸರಿಯಾಗಿ ಕಲಿಯುವುದಲ್ಲದೆ, ತನ್ನ ತಾಯ್ನುಡಿಯಲ್ಲಿಯೇ ತತ್ತ್ವವಿಚಾರದ ಮೊದಲ ಮೆಟ್ಟಿಲನ್ನು ಏರಿರುತ್ತಾನೆ.